ಬ್ಯಾರನ್ನಿಗೆ ಹೋದ ಬಾಳೆಗೊನೆ

ಯಾವ ವಿಷಯವನ್ನೇ ಆಗಲಿ, ಬಹಳ ವರ್ಷ ಪಾಠ ಮಾಡಿದವರಿಗೆ ಒಂದು ಕಾಯಿಲೆ ಅಂಟಿಕೊಳ್ಳುತ್ತದೆ. ಅದು ತಮಗೆ ಗೊತ್ತಿದೆ ಎಂದು ಅಂದುಕೊಂಡುಬಿಡುತ್ತಾರೆ. ಈ ಕಾಯಿಲೆಗೆ ಔಷಧಿ ಇಲ್ಲ, ಆಗಾಗ ಮಂಗಳಾರತಿ ಆಗುತ್ತಿದ್ದರೆ ಸ್ವಲ್ಪ ಹತೋಟಿಯಲ್ಲಿರುತ್ತದೆ, ಅಷ್ಟೆ. ನಾನು ಪಿರಿಯಾಪಟ್ಟಣದ ಒಂದು ಪಿಯು ಕಾಲೇಜಿನಲ್ಲಿ ಇಪ್ಪತ್ತಾರು ವರ್ಷದಿಂದ ಕೆಮಿಸ್ಟ್ರಿ ಹೇಳಿಕೊಡುತ್ತಿದ್ದೇನೆ. ಅದರಲ್ಲೂ ಹೈಡ್ರೋಕಾರ್ಬನ್ ಪಾಠವೆಂದರೆ ನನಗೆ ತವರುಮನೆ ಇದ್ದ ಹಾಗೆ. ಪುಸ್ತಕ ಮುಟ್ಟುವುದಿಲ್ಲ, ಟಿಪ್ಪಣಿ ನೋಡುವುದಿಲ್ಲ, ಬೋರ್ಡಿನ ಈ ತುದಿಯಿಂದ ಆ ತುದಿಯವರೆಗೆ ಕಾರ್ಬನ್ ಸರಪಳಿಯನ್ನು ರಂಗೋಲಿ ಎಳೆದ ಹಾಗೆ ಎಳೆದುಬಿಡುತ್ತೇನೆ. ಇಷ್ಟು ವರ್ಷವೂ ಆ ಪಾಠ ಬೋರ್ಡಿನ ಮೇಲೆ ತನ್ನ ಪಾಡಿಗೆ ತಾನಿತ್ತು, ನನ್ನ ತಂಟೆಗೆ ಬಂದಿರಲಿಲ್ಲ. ಹೋದ ವರ್ಷ ಗೌರಿ ಹಬ್ಬದ ಹೊತ್ತಿಗೆ ಅದು ಬೋರ್ಡಿನಿಂದ ಇಳಿದು ನೆಟ್ಟಗೆ ನಮ್ಮ ಮನೆಯ ಹಿತ್ತಿಲಿಗೆ ಬಂತು.

ಕೆಮಿಸ್ಟ್ರಿ ಓದದವರು ಹೆದರಬೇಕಾಗಿಲ್ಲ. ಇದ್ದಿಲಿನಲ್ಲಿರುವ ಕಾರ್ಬನ್, ನೀರಿನಲ್ಲಿರುವ ಹೈಡ್ರೋಜನ್, ಇವೆರಡೇ ಸೇರಿಕೊಂಡು ಮೂರನೆಯವರನ್ನು ಹೊಸ್ತಿಲು ದಾಟಲು ಬಿಡದೆ ಹೂಡಿದ ಸಂಸಾರಕ್ಕೆ ಹೈಡ್ರೋಕಾರ್ಬನ್ ಎನ್ನುತ್ತಾರೆ. ಪ್ರತಿವರ್ಷ ಪಾಠ ಶುರುವಾಗುವ ದಿನ ನಾನು ಮಕ್ಕಳಿಗೆ, ನಿಮ್ಮ ಮನೆಯಲ್ಲಿ ಎಷ್ಟು ಹೈಡ್ರೋಕಾರ್ಬನ್ ಇವೆ, ಪಟ್ಟಿ ಮಾಡಿಕೊಂಡು ಬನ್ನಿ ಎನ್ನುತ್ತೇನೆ. ಪೆಟ್ರೋಲು, ಡೀಸೆಲ್ಲು, ಸಿಲಿಂಡರಿನ ಗ್ಯಾಸು, ಮೇಣದಬತ್ತಿ, ಮನೆ ಮುಂದಿನ ರಸ್ತೆಯ ಡಾಂಬರು, ಬೀರುವಿನಲ್ಲಿ ಸೀರೆಗಳ ನಡುವೆ ಇಡುವ ನುಸಿಗುಳಿಗೆ, ಎಲ್ಲ ಬರುತ್ತವೆ. ಹ್ಯಾಂಡ್‌ಪೋಸ್ಟ್ ಕಡೆಯ ಒಬ್ಬಳು ಹುಡುಗಿ, ಇಲ್ಲೇ ಹಾಸ್ಟೆಲಿನಲ್ಲಿದ್ದವಳು, ಒಂದು ಸಲ "ನಮ್ಮ ಎಮ್ಮೆ" ಎಂದು ಬರೆದುಕೊಂಡು ಬಂದಿದ್ದಳು. ಕ್ಲಾಸಿಗೆ ಕ್ಲಾಸೇ ಬಿದ್ದು ಬಿದ್ದು ನಕ್ಕಿತು. ನಾನು ನಗಲಿಲ್ಲ. ಎಮ್ಮೆ ಮೆಲುಕು ಹಾಕುತ್ತಾ ತೇಗಿದರೆ ಬರುವುದು ಮೀಥೇನ್, ಸಗಣಿ ಗ್ಯಾಸಿನ ಒಲೆಯಲ್ಲಿ ಉರಿಯುವುದೂ ಅದೇ ಮೀಥೇನ್. ಆ ಹುಡುಗಿಗೆ ಧೈರ್ಯ ಬಂತು. "ಮೇಡಂ, ತಿನ್ನೋ ಹೈಡ್ರೋಕಾರ್ಬನ್ ಇದೆಯಾ?" ಎಂದಳು. ಇದೆಯಮ್ಮ, ಕ್ಯಾರೆಟ್ಟಿನ ಕೇಸರಿ ಬಣ್ಣ ಅದೇ, ಟೊಮೆಟೊದ ಕೆಂಪೂ ಅದೇ, ಕಿತ್ತಳೆ ಸಿಪ್ಪೆ ಹಿಂಡಿದರೆ ಕಣ್ಣಿಗೆ ಚಿಮ್ಮುತ್ತದಲ್ಲ ಘಾಟು, ಅದೂ ಅದೇ ಎಂದೆ.

ಈ ವಂಶದಲ್ಲಿ ನನಗೆ ಪ್ರಾಣವೆಂದರೆ ಎಥಿಲೀನ್. ಎರಡೇ ಕಾರ್ಬನ್, ನಾಲ್ಕೇ ಹೈಡ್ರೋಜನ್, ಇಷ್ಟೇ ಇಷ್ಟಿರುವ ಗಾಳಿ. ಹಣ್ಣಾಗಲು ಹೊರಟ ಕಾಯಿ ಇದನ್ನು ತಾನೇ ತಯಾರಿಸಿ ಹೊರಗೆ ಬಿಡುತ್ತದೆ, ಪಕ್ಕದಲ್ಲಿರುವ ಕಾಯಿಗೆ ಅದು ತಾಗಿದರೆ ಅದೂ ಹಣ್ಣಾಗಲು ಹೊರಡುತ್ತದೆ. ಇದೇ ಎಥಿಲೀನನ್ನು ಕಾರ್ಖಾನೆಯಲ್ಲಿ ಸಾವಿರಗಟ್ಟಲೆ ಒಂದಕ್ಕೊಂದು ಪೋಣಿಸಿದರೆ ಪಾಲಿಥಿನ್ ಆಗುತ್ತದೆ. ಅಂದರೆ ಬಾಳೆಯನ್ನು ಹಣ್ಣು ಮಾಡುವುದೂ ಅದೇ, ಆ ಹಣ್ಣನ್ನು ತುಂಬಿಕೊಡುವ ಚೀಲವೂ ಅದೇ. ಈ ಮಾತು ಹೇಳಿದ ಮೇಲೆ ನಾನು ಚಾಕ್‌ಪೀಸ್ ಕೆಳಗಿಟ್ಟು ಮಕ್ಕಳ ಮುಖ ನೋಡುತ್ತಾ ಒಂದು ಗಳಿಗೆ ನಿಲ್ಲುತ್ತೇನೆ. ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಇದು ಎಷ್ಟು ಮಾರ್ಕ್ಸಿಗೆ ಬರುತ್ತದೆ ಎಂದು ಕೇಳುತ್ತಾರೆ.

ನಮ್ಮ ಅತ್ತೆಯವರಿಗೆ ಎಥಿಲೀನ್ ಎಂಬ ಹೆಸರು ಗೊತ್ತಿಲ್ಲ. ಆದರೆ ಅದು ಅವರು ಹೇಳಿದಂತೆ ಕೇಳುತ್ತದೆ. ನಮ್ಮದು ಕಂಪಲಾಪುರದ ಹತ್ತಿರದ ಊರು. ಮನೆಯ ಹಿಂದೆ ಹತ್ತಿಪ್ಪತ್ತು ಪುಟ್ಟಬಾಳೆ ಗಿಡ, ಅದರಾಚೆಗೆ ಹೊಗೆಸೊಪ್ಪಿನ ಹೊಲ, ಹೊಲದಂಚಿಗೆ ಸೊಪ್ಪು ಬೇಯಿಸುವ ಬ್ಯಾರನ್. ಗೊನೆ ಇಳಿಸಿದರೆ ಅದನ್ನು ಹಣ್ಣಿಗೆ ಹಾಕುವುದು ಅತ್ತೆಯವರ ಖಾತೆ, ಅದರಲ್ಲಿ ಇನ್ನೊಬ್ಬರು ಕೈಯಾಡಿಸುವ ಹಾಗಿಲ್ಲ. ಕೊಟ್ಟಿಗೆ ಮೂಲೆಯಲ್ಲಿ ಅವರದೊಂದು ದೊಡ್ಡ ಮಣ್ಣಿನ ಗುಡಾಣವಿದೆ. ಒಣಗಿದ ಬಾಳೆಎಲೆ ಹಾಸಿ, ಚಿಪ್ಪು ಚಿಪ್ಪಾಗಿ ಕಾಯಿ ಜೋಡಿಸಿ, ಒಂದು ಕುಡಿಕೆಯಲ್ಲಿ ತೆಂಗಿನ ನಾರಿನ ಹೊಗೆ ಇಟ್ಟು, ಮುಚ್ಚಳ ಹಾಕಿ ಬಾಯಿಗೆ ಮಣ್ಣು ಮೆತ್ತುತ್ತಾರೆ. ಮೂರನೇ ದಿನ ತೆಗೆದರೆ ಬಂಗಾರ. ಆ ಹೊಗೆಯಲ್ಲಿ ಎಥಿಲೀನ್ ಇರುತ್ತದೆ ಅತ್ತೆ ಎಂದು ನಾನು ಮದುವೆಯಾಗಿ ಬಂದ ಹೊಸದರಲ್ಲಿ ವಿವರಿಸಲು ಹೋಗಿದ್ದೆ. "ಇರ್ಲಿ ಬುಡವ್ವ, ಅದ್ಕೂ ಒಂದು ಜಾಗ ಬೇಕಲ್ಲ" ಎಂದಿದ್ದರು. ಅಲ್ಲಿಂದ ಇಲ್ಲಿವರೆಗೆ ಬಂದವರ ಮುಂದೆಲ್ಲ ಅವರದು ಒಂದೇ ರಾಗ: "ನಮ್ ಸೊಸೆ ಕೆಮಿಷ್ಟ್ರಿ ಓದವ್ಳೆ ಕಣವ್ವ, ಒಂದು ಗೊನೆ ಹಣ್ಣಿಗಾಕಕ್ಕೆ ಬರಾಕಿಲ್ಲ." ನಗುತ್ತಲೇ ಹೇಳುತ್ತಾರೆ, ಅದೇ ಹೆಚ್ಚು ಉರಿಯುವುದು.

ಇಷ್ಟಾದರೆ ಸಹಿಸಿಕೊಳ್ಳಬಹುದಿತ್ತು. ನಮ್ಮ ಒಬ್ಬಳೇ ಮಗಳು ಚೈತ್ರಳನ್ನು ಕೆ.ಆರ್. ನಗರದ ಕಡೆಯ ಭತ್ತದ ಗದ್ದೆಯವರ ಮನೆಗೆ ಕೊಟ್ಟೆವು. ಅಳಿಯ ಬಂಗಾರದಂಥವನು. ಅವನ ತಾಯಿ ಜಯಮ್ಮನವರು ಮಾತ್ರ ಕಣ್ಣಲ್ಲೇ ಜರಡಿ ಹಿಡಿಯುವ ಹೆಂಗಸು. ಹೆಣ್ಣು ನೋಡಲು ಬಂದ ದಿನವೇ ಬ್ಯಾರನ್ ದಾಟುವಾಗ ಮೂಗಿಗೆ ಸೆರಗು ಹಿಡಿದುಕೊಂಡು, "ನಮಗೆ ಈ ಹೊಗೆಸೊಪ್ಪಿನ ವಾಸ್ನೆ ಆಗಕಿಲ್ಲ ಬೀಗ್ರೇ, ತಲೆ ಹಿಡ್ಕಂಡಂಗೆ ಆಯ್ತದೆ" ಎಂದಿದ್ದರು. ಆಮೇಲೆ ಹುಣಸೂರಿನ ಛತ್ರದಲ್ಲಿ ಮದುವೆಯಾಯಿತು. ಅಡುಗೆಯವರೇ ಎಲ್ಲಿಂದಲೋ ತರಿಸಿದ ಬಾಳೆಹಣ್ಣು ಎಲೆಯ ತುದಿಯಲ್ಲಿ ಅರಿಶಿನ ಬಳಿದ ಹಾಗೆ ಹೊಳೆಯುತ್ತಿತ್ತು. ಜಯಮ್ಮನವರು ಸುಲಿದು ಕಚ್ಚಿದರು. ಒಳಗೆ ಬಿಳಿ ಕಲ್ಲು. ಕಾರ್ಬೈಡ್ ಪುಡಿ ಇಟ್ಟ ಹಣ್ಣು ಅದು. ಆ ಪುಡಿಗೆ ಪಸೆ ತಾಗಿದರೆ ಅಸಿಟಿಲೀನ್ ಬರುತ್ತದೆ, ಎಥಿಲೀನಿನ ಹತ್ತಿರದ ನೆಂಟ, ವೆಲ್ಡಿಂಗ್ ಅಂಗಡಿಯಲ್ಲಿ ಉರಿಸುವ ಗ್ಯಾಸು. ಅದರಿಂದ ಸಿಪ್ಪೆ ಹಳದಿ ತಿರುಗುತ್ತದೆ, ಒಳಗೆ ಕಾಯಿ ಕಾಯಿಯಾಗಿಯೇ ಇರುತ್ತದೆ. ಹಣ್ಣಿಗೆ ಅದನ್ನು ಇಡಬಾರದು ಎಂದು ಕಾನೂನೇ ಇದೆ ಎಂದು ನಾನು ವರ್ಷಾವರ್ಷ ಕ್ಲಾಸಿನಲ್ಲಿ ಗಂಟಲು ಹರಿದುಕೊಳ್ಳುತ್ತೇನೆ. ಜಯಮ್ಮನವರು ಆ ಹಣ್ಣನ್ನು ಎತ್ತಿ ಹಿಡಿದು, ಇಡೀ ಪಂಕ್ತಿಗೆ ಕೇಳುವ ಹಾಗೆ, "ಕೆಮಿಸ್ಟ್ರಿ ಮೇಡಮ್ಮೋರ ಮನೆ ಹಣ್ಣಲ್ವಾ, ಕೆಮಿಸ್ಟ್ರಿಲೇ ಹಣ್ಣಾಗದೆ" ಎಂದರು. ಎರಡು ಪಂಕ್ತಿ ನಕ್ಕಿತು. ಭೂಮಿ ಬಾಯಿ ಬಿಡಲಿಲ್ಲ, ಹಾಗಾಗಿ ನಾನು ಪಾಯಸ ವಿಚಾರಿಸಲು ಹೋದೆ.

ಗೌರಿ ಹಬ್ಬಕ್ಕೆ ಎರಡು ವಾರವಿದೆ ಎನ್ನುವಾಗ ಚೈತ್ರ ಫೋನ್ ಮಾಡಿದಳು. ಮದುವೆಯಾದ ಮೇಲೆ ಅವಳಿಗೆ ಅದು ಮೊದಲ ಗೌರಿ, ತವರಿಗೆ ಬರಬೇಕು, ಅಳಿಯನನ್ನೂ ಬೀಗಿತ್ತಿಯನ್ನೂ ನಾವೇ ಹೋಗಿ ಕರೆದು ಬಂದಿದ್ದೆವು. "ಅಮ್ಮ, ಒಂದು ಮಾತು" ಎಂದಳು. ಅವಳ ದನಿ ಸರಿಯಿರಲಿಲ್ಲ. "ಇಲ್ಲಿ ಮನೆಗೆ ಬಾಳೆಹಣ್ಣು ಬಂದಾಗೆಲ್ಲ ಅತ್ತೆ ಅದೇ ಮಾತು ಎತ್ತುತಾರೆ. ನೆಂಟರು ಬಂದ್ರೂ ಅದೇ ಕತೆ. ನಾನು ನಗ್ತೀನಿ. ಆಮೇಲೆ ಒಳಗೋಗಿ ಅಳು ಬರುತ್ತೆ. ಈ ಸಲ ನಮ್ಮ ಗಿಡದ್ದೇ ಹಣ್ಣು ಇಡಮ್ಮ. ಅವರೇ ತಿಂದು, ಅವರ ಬಾಯಲ್ಲೇ ಚೆನ್ನಾಗಿದೆ ಅನ್ಬೇಕು. ನಂಗೆ ಹಬ್ಬಕ್ಕೆ ಸೀರೆ ಬೇಡ, ಅದೊಂದು ಸಾಕು." ಯಾರದೋ ಪುಡಿಯಿಂದಾದ ಅವಮಾನವನ್ನು ನನ್ನ ಮಗು ಆರು ತಿಂಗಳಿಂದ ದಿನಾ ನುಂಗುತ್ತಿದೆ. ಇಡ್ತೀನಿ ಕಣೇ, ನೀನು ನಿಶ್ಚಿಂತೆಯಿಂದ ಬಾ ಎಂದುಬಿಟ್ಟೆ.

ಗೊನೆಯೇನೋ ಹಿತ್ತಿಲಲ್ಲಿ ಬಲಿತು ನಿಂತಿತ್ತು. ತೊಡಕು ಬೇರೆ ಕಡೆ ಇತ್ತು. ಅತ್ತೆಯವರಿಗೆ ಅದೇ ತಿಂಗಳು ಮೈಸೂರಿನಲ್ಲಿ ಕಣ್ಣಿನ ಪೊರೆ ತೆಗೆಸಿ ಕರೆತಂದಿದ್ದೆವು. ಕಪ್ಪು ಕನ್ನಡಕ, ಬಗ್ಗಬಾರದು, ಹೊಗೆ ತಾಗಬಾರದು. "ನಾನು ಜಗುಲಿ ಮೇಲೆ ಕೂತ್ಕಂಡು ಯೋಳ್ತೀನಿ, ನೀನು ಗುಡಾಣಕ್ಕಾಕು" ಎಂದರು. ಅಷ್ಟು ಮಾಡಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಜಡಿಮಳೆ ಹಿಡಿದು ತೆಂಗಿನ ನಾರೆಲ್ಲ ತೊಯ್ದಿತ್ತು. ಅದು ನೆಪ. ನಿಜ ಹೇಳಬೇಕೆಂದರೆ, ಅವರು ಜಗುಲಿಯ ಮೇಲೆ ಕೂತು ಆಜ್ಞೆ ಮಾಡುವುದು, ಎಂಎಸ್ಸಿ ಮಾಡಿದ ನಾನು ಕುಡಿಕೆ ಊದುತ್ತಾ ಕೆಮ್ಮುವುದು, ಇದನ್ನು ನೆನೆಸಿಕೊಂಡೇ ನನ್ನ ಮೈ ಪರಚಿಕೊಳ್ಳುವ ಹಾಗಾಯಿತು. ಹೊಗೆ ಬೇಡ ಅತ್ತೆ, ಹೊಗೆಯೊಳಗಿನ ಗಾಳಿ ಒಂದಿದ್ದರೆ ಸಾಕು, ನಾನು ನೋಡಿಕೊಳ್ಳುತ್ತೇನೆ ಎಂದೆ.

ಆಗ ನನಗೆ ಹೊಳೆಯಿತು ಬ್ಯಾರನ್. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಬ್ಯಾರನ್ ಎಂದರೆ ಕಿಟಕಿಯಿಲ್ಲದ ಎತ್ತರದ ಕೋಣೆ. ಹಸಿ ಹೊಗೆಸೊಪ್ಪನ್ನು ಕಡ್ಡಿಗಳಿಗೆ ಕಟ್ಟಿ ಒಳಗೆ ಸಾಲು ಸಾಲಾಗಿ ನೇತುಹಾಕಿ ಬಾಗಿಲು ಹಾಕುತ್ತಾರೆ. ಹೊರಗಿನ ಒಲೆಯ ಕಾವು ದಪ್ಪ ತಗಡಿನ ಕೊಳವೆಗಳಲ್ಲಿ ಒಳಗೆಲ್ಲ ಓಡಾಡುತ್ತದೆ, ಹೊಗೆ ಮಾತ್ರ ಒಳಗೆ ಬರುವುದಿಲ್ಲ. ಮೊದಲ ಎರಡು ಮೂರು ದಿನ ಕಾವು ಕಡಿಮೆ, ಪಸೆ ಜಾಸ್ತಿ. ಆಗ ಹಸಿರು ಎಲೆ ನಿಧಾನವಾಗಿ ಹಳದಿ ತಿರುಗುತ್ತದೆ. ಆಮೇಲೆ ಬೆಂಕಿ ಏರಿಸಿ ಒಣಗಿಸುತ್ತಾರೆ. ನನ್ನ ತರ್ಕ ನೋಡಿ: ಹಳದಿ ತಿರುಗುವ ಎಲೆ ಎಥಿಲೀನ್ ಬಿಡುತ್ತದೆ. ಕೋಣೆ ಭದ್ರವಾಗಿದೆ, ಬೆಚ್ಚಗಿದೆ, ಪಸೆ ಇದೆ. ಇದಕ್ಕಿಂತ ದೊಡ್ಡ ಗುಡಾಣ ಈ ತಾಲ್ಲೂಕಿನಲ್ಲಿ ಯಾರ ಹತ್ತಿರ ಇದೆ? ಎಲೆ ಹಳದಿಯಾಗುವ ಕಡೆ ಬಾಳೆ ಯಾಕಾಗಬಾರದು? ಇದು ಯಾರಿಗೂ ಇಷ್ಟು ವರ್ಷ ಹೊಳೆಯಲಿಲ್ಲವಲ್ಲ ಎಂದು ನನಗೆ ನಮ್ಮ ಊರಿನ ಮೇಲೆ ಮರುಕವೇ ಬಂತು.

ನಮ್ಮ ಯಜಮಾನರು ಮಾತು ಕಡಿಮೆ. ಅಂದೇ ಬ್ಯಾರನ್ ತುಂಬಿಸುತ್ತಿದ್ದರು. ನಾನು ವಿಷಯ ಹೇಳಿದ ಮೇಲೆ ಕೈಯಲ್ಲಿದ್ದ ಕಡ್ಡಿಯನ್ನು ಕೆಳಗಿಟ್ಟರು.

"ಬ್ಯಾರನ್ ಒಳಕ್ಕಾ?"

"ಹೂಂ."

"ಬಾಳೆಗೊನೆಯಾ?"

"ಹೂಂ ರೀ."

"ಹರಾಜಲ್ಲಿ ಸೊಪ್ಪಿನ ಬೇಲ್ ಒಳಗೆ ಒಂದು ಗೋಣಿ ದಾರ ಸಿಕ್ಕುದ್ರೂ ವಾಪಸ್ ಕಳುಸ್ತಾರೆ. ಬಾಳೆಸಿಪ್ಪೆ ಸಿಕ್ಕುದ್ರೆ ನನ್ನನ್ನೇ ವಾಪಸ್ ಕಳುಸ್ತಾರೆ ಕಣೆ."

ನಾನು ಚೈತ್ರ ಫೋನಿನಲ್ಲಿ ಹೇಳಿದ್ದನ್ನು ಹೇಳಿದೆ. ಅವರು ತಾವೇ ಗೊನೆ ಇಳಿಸಿ, ಹೊತ್ತುಕೊಂಡು ಹೋಗಿ ಕೆಳಗಿನ ಸಾಲಿನ ಬೊಂಬಿಗೆ, ಬಾಗಿಲ ಹತ್ತಿರ, ಎಲೆಗೆ ತಾಗದ ಹಾಗೆ ಕಟ್ಟಿದರು. "ಬೆಂಕಿ ಏರಿಸೋಕೆ ಮುಂಚೆ ತಗ್ದ್ಬುಡ್ಬೇಕು, ಆಮೇಲೆ ಬಾಗ್ಲು ತೆಗೆಯಾಕಿಲ್ಲ" ಎಂದರು. ಹಬ್ಬಕ್ಕೆ ಆಗ ನಾಲ್ಕು ದಿನ ಇತ್ತು.

ಬ್ಯಾರನ್ನಿನ ಗೋಡೆಯಲ್ಲಿ ಒಂದು ಅಂಗೈಯಗಲದ ಗಾಜಿನ ಕಿಂಡಿಯಿದೆ, ಅದರ ಹಿಂದೆ ಥರ್ಮಾಮೀಟರು. ನಾನು ಕಾಲೇಜಿಗೆ ಹೊರಡುವಾಗ ಒಂದು ಸಲ, ಬಂದ ಮೇಲೆ ಎರಡು ಸಲ, ಕೊಡೆ ಹಿಡಿದುಕೊಂಡು ಹೋಗಿ ಮೊಬೈಲಿನ ಬೆಳಕು ಬಿಟ್ಟು ಇಣುಕುತ್ತಿದ್ದೆ. ಮೊದಲ ದಿನ ಎಲೆಯೂ ಹಸಿರು, ಕಾಯಿಯೂ ಹಸಿರು. ಎರಡನೇ ದಿನ ಎಲೆ ನಿಂಬೆ ಬಣ್ಣಕ್ಕೆ ಬಂತು, ಕಾಯಿ ಹಸಿರು. ಮೂರನೇ ದಿನ ಬೆಳಿಗ್ಗೆ ಇಡೀ ಬ್ಯಾರನ್ ಮದುವೆ ಮನೆಯ ಹಾಗೆ ಹಳದಿ, ಅದರ ನಡುವೆ ನಮ್ಮ ಗೊನೆ ಈಗ ತಾನೇ ಗಿಡದಿಂದ ಇಳಿಸಿದ ಹಾಗೆ ಪಚ್ಚೆ ಹಸಿರು. ಯಜಮಾನರು ಬೆಂಕಿ ಏರಿಸಲು ಸೌದೆ ಜೋಡಿಸಿಕೊಂಡು ಕೂತಿದ್ದರು. ಸಂಜೆವರೆಗೆ ತಡೀರಿ, ಇನ್ನೇನು ತಿರುಗುತ್ತೆ ಎಂದು ನಾನು ಗೋಗರೆದೆ. ಎಲೆ ಅತಿಯಾಗಿ ಹಣ್ಣಾದರೆ ಅವರಿಗೆ ನಷ್ಟ. ಆದರೂ ತಡೆದರು. ಅವತ್ತು ಕ್ಲಾಸಿನಲ್ಲಿ ನಾನು ಏನು ಪಾಠ ಮಾಡಿದೆನೋ ದೇವರಿಗೇ ಗೊತ್ತು, ನನಗೆ ಕಣ್ಣ ಮುಂದೆ ಹಸಿರೊಂದೇ ಕಾಣುತ್ತಿತ್ತು.

ಸಂಜೆ ಬಾಗಿಲು ತೆಗೆದರು. ಹಸಿರೇ. ನನಗೆ ಕಣ್ಣಲ್ಲಿ ನೀರು ಬಂತು. ಮಾರನೇ ದಿನವೇ ಹಬ್ಬ. ಗೊನೆಯನ್ನು ಜಗುಲಿಯ ಮೇಲೆ ತಂದು ಹಾಕಿ, ಸೋತವಳ ಹಾಗೆ ಕಂಬಕ್ಕೆ ಒರಗಿ ಕೂತೆ. ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದ ಅತ್ತೆಯವರು ಕೈ ಚಾಚಿ ಒಂದು ಕಾಯಿ ಮುಟ್ಟಿದರು, ಎರಡು ಬೆರಳಲ್ಲಿ ಮೆಲ್ಲಗೆ ಒತ್ತಿದರು.

"ಅಳ್ತೀಯಾ ಯಾಕವ್ವ? ಹಣ್ಣಾಗದಲ್ಲ."

"ಎಲ್ಲಿ ಅತ್ತೆ, ಹಸಿರು ಹಾಗೇ ಇದೆ."

"ಕಣ್ಣಲ್ಲಿ ನೋಡುದ್ರೆ ಎಂಗೆ ಗೊತ್ತಾದದು? ಕೈಯಲ್ಲಿ ನೋಡು."

ನಾನೂ ಒತ್ತಿದೆ. ಹೆಬ್ಬೆರಳು ಸೀದಾ ಒಳಗೆ ಹೋಯಿತು. ಸುಲಿದರೆ ಒಳಗೆ ಬೆಣ್ಣೆಯಂತಹ ಹಣ್ಣು, ಹಣ್ಣಾಗಿ ಆಗಲೇ ಒಂದು ದಿನವಾದರೂ ಆಗಿತ್ತು. ಕಣ್ಣು ಕಾಣದವರಿಗೆ ಕಂಡದ್ದು ಮೂರು ದಿನ ಕಿಂಡಿಯಲ್ಲಿ ಇಣುಕಿದ ನನಗೆ ಕಾಣಲಿಲ್ಲ. ಅಷ್ಟರಲ್ಲಿ ಅತ್ತೆಯವರು ಸುಲಿದ ಹಣ್ಣನ್ನು ಮೂಗಿನ ಹತ್ತಿರ ತಂದವರು ಅಲ್ಲೇ ತಡೆದರು. "ಇದ್ಯಾಕೆ ನನ್ ಎಲಡಿಕೆ ಚೀಲದ ವಾಸ್ನೆ ಹೊಡಿತದೆ?" ಎಂದರು. ಅವರು ಎಲೆಯಡಿಕೆಯ ಜೊತೆ ಹೊಗೆಸೊಪ್ಪು ಹಾಕುವವರು, ಆ ವಾಸನೆಯಲ್ಲಿ ಅವರನ್ನು ಯಾರೂ ಮೋಸ ಮಾಡಲಾಗುವುದಿಲ್ಲ. ನಾನು ತಲೆ ತಗ್ಗಿಸಿಕೊಂಡು ಬ್ಯಾರನ್ ವಿಷಯ ಒಪ್ಪಿಕೊಂಡೆ. "ಅಯ್ಯೋ ನನ್ ಶಿವ್ನೇ! ಬಾಳೆಗೊನೆನ ಹೊಗೆಸೊಪ್ಪಿನ ಜೊತೆ ಬೇಯಿಸ್ಬುಟ್ಳಲ್ಲೋ!" ಎಂದು ಅವರು ನಗಲು ಶುರು ಮಾಡಿದವರು ಡಾಕ್ಟರು ಕಣ್ಣಿಗೆ ಆಯಾಸ ಮಾಡಬೇಡಿ ಎಂದದ್ದನ್ನೂ ಮರೆತು ನಕ್ಕರು. ಯಜಮಾನರು ಒಲೆಗೆ ಸೌದೆ ತುಂಬುತ್ತಾ ಅಲ್ಲಿಂದಲೇ, "ಪಚ್ಚಬಾಳೆ ಅಂತ ಯೋಳ್ಬುಡು" ಎಂದರು. ಬೆರಳುದ್ದದ ಪುಟ್ಟಬಾಳೆಯನ್ನು ಮೊಳದುದ್ದದ ಪಚ್ಚಬಾಳೆ ಎಂದರೆ ಯಾರು ನಂಬುತ್ತಾರೆ? ಹೊಗೆಸೊಪ್ಪಿನ ವಾಸನೆಗೆ ಮೂಗು ಮುಚ್ಚಿಕೊಳ್ಳುವ ಬೀಗಿತ್ತಿಗೆ ನಾನು ಹೊಗೆಸೊಪ್ಪಿನ ಹಣ್ಣನ್ನೇ ಮಾಡಿಟ್ಟಿದ್ದೆ.

ಬೆಳಿಗ್ಗೆ ಎದ್ದವಳೇ ಕಂಪಲಾಪುರಕ್ಕೆ ಹೋಗಿ ಅಂಗಡಿಯಲ್ಲಿ ಹಳದಿ ಹಳದಿ ಬಾಳೆಹಣ್ಣು ಕೊಂಡೆ. ಯಾವ ಹಣ್ಣನ್ನು ಮುಟ್ಟಬೇಡಿ ಎಂದು ಮಕ್ಕಳಿಗೆ ಪಾಠ ಮಾಡುತ್ತೇನೋ ಅದೇ ಬಣ್ಣ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಎದುರಿಗೆ ಸಿಕ್ಕಳು, ನಾನು ಚೀಲವನ್ನು ಬೆನ್ನ ಹಿಂದೆ ಹಿಡಿದುಕೊಂಡೆ. ಮನೆಯ ಹಣ್ಣಿಗೆ ಏಲಕ್ಕಿ, ಬೆಲ್ಲ, ತೆಂಗಿನಕಾಯಿ ಸುರಿದು ರಸಾಯನ ಮಾಡಿ ವಾಸನೆ ಅಡಗಿಸುವುದು, ಅಂಗಡಿಯ ಹಣ್ಣನ್ನು ಬಾಗಿನಕ್ಕೂ ತಾಂಬೂಲಕ್ಕೂ ಇಡುವುದು, ಇದು ನನ್ನ ಉಪಾಯ. ರಸಾಯನಕ್ಕೆ ಅರ್ಧ ಗೊನೆ ಸುಲಿದು ಹಾಕಿ ಒಂದು ಚಮಚ ನೋಡಿದೆ. ಏಲಕ್ಕಿಯ ಹಿಂದೆ ಬ್ಯಾರನ್ ನಿಂತಿತ್ತು. ಹಾಗೇ ತೆಗೆದುಕೊಂಡು ಹೋಗಿ ನಮ್ಮ ಕೊಟ್ಟಿಗೆಯ ಎಮ್ಮೆಯ ಮುಂದೆ ಇಟ್ಟೆ. ಎಮ್ಮೆ ಮೂಸಿ ನೋಡಿ ನನ್ನ ಮುಖ ನೋಡಿತು.

ಹನ್ನೊಂದು ಗಂಟೆಗೆ ಬೀಗರು ಬಂದರು. ಚೈತ್ರ ಕಾರಿನಿಂದ ಇಳಿದವಳೇ ನನ್ನ ಕಣ್ಣು ನೋಡಿದಳು. ನಾನು ಬೇರೆ ಕಡೆ ನೋಡಿದೆ. ಪೂಜೆ ಆಯಿತು, ಬಾಗಿನ ಆಯಿತು, ಊಟವೂ ಆಯಿತು. ಎಲ್ಲರೂ ನಡುಮನೆಯಲ್ಲಿ ಕೂತಿದ್ದಾಗ ಅತ್ತೆಯವರು ಎಲೆಯಡಿಕೆಯ ತಟ್ಟೆ ಮುಂದಕ್ಕೆ ತಳ್ಳಿದರು. "ನಾನು ಅದನ್ನೆಲ್ಲ ಹಾಕಲ್ಲಮ್ಮ, ಹಲ್ಲು ಕೆಡ್ತದೆ" ಎಂದು ಜಯಮ್ಮನವರು ಮಗನ ಕಡೆ ಒಂದು ಸಲ ನೋಡಿ ಹಿಂದೆ ಸರಿಸಿದರು. ಕೈ ಹೋಗಿ ಹಳದಿ ಬಾಳೆಹಣ್ಣಿನ ಮೇಲೆ ನಿಂತಿತು. ಒಂದನ್ನು ಕಿತ್ತರು. ಒತ್ತಿದರು. ಅದು ಒತ್ತಿಸಿಕೊಳ್ಳಲಿಲ್ಲ.

"ಬೀಗ್ರೇ, ಇದು ಮದ್ವೆ ಹಣ್ಣಿನ ತಂಗೀನಾ?" ಎಂದರು.

ಚೈತ್ರಳ ಮುಖ ಕೆಂಪಾಯಿತು. ಅವಳು ಎದ್ದು ಅಡುಗೆಮನೆಗೆ ಹೋಗುವ ಹಾಗೆ ತಿರುಗಿದಳು. ಆ ಬೆನ್ನು ನೋಡಿ ನನಗೆ ಆದ ಸಂಕಟ ಹೇಳಲಾರೆ. ಆಗ ಗೋಡೆಗೆ ಒರಗಿ ಕೂತಿದ್ದ ಅತ್ತೆಯವರು, "ಅದು ಅಂಗ್ಡೀದು ಬುಡ್ರವ್ವ. ದೇವ್ರ ಮುಂದಕ್ಕೆ ತುಂಬಾಕೆ ತಂದದ್ದು. ಮನೇದು ಒಳ್ಗದೆ" ಎಂದುಬಿಟ್ಟರು. ನನ್ನ ಕಡೆಗೆ ಕಪ್ಪು ಕನ್ನಡಕ ತಿರುಗಿಸಿ, "ತತ್ತಾ, ಅದೇನು ಬಚ್ಚಿಟ್ಟಿದ್ದೀಯ" ಎಂದರು. ತರದೆ ವಿಧಿಯಿರಲಿಲ್ಲ. ಒಂದು ಚಿಪ್ಪು ತಂದು ತಟ್ಟೆಯಲ್ಲಿಟ್ಟೆ.

"ಇದು ಕಾಯಿ ಅಲ್ವಾ?" ಎಂದರು ಜಯಮ್ಮ.

"ಸುಲ್ದು ನೋಡ್ರವ್ವ."

ಸುಲಿದರು. ಹಸಿರು ಸಿಪ್ಪೆ ಮುಟ್ಟಿದ ಮಾತ್ರಕ್ಕೆ ಜಾರಿ ಬಂತು, ಒಳಗೆ ಹೊಂಬಣ್ಣದ ಹಣ್ಣು. ಹುಬ್ಬು ಮೇಲೆ ಹೋಯಿತು. ಮೂಗಿನ ಹತ್ತಿರ ತಂದರು. ಈಗ ಸೆರಗು ಮೂಗಿಗೆ ಹೋಗುತ್ತದೆ, ಈಗ ಎದ್ದು ಹೋಗುತ್ತಾರೆ ಎಂದು ಎಣಿಸುತ್ತಿದ್ದೆ. ಜಯಮ್ಮನವರು ಇನ್ನೊಂದು ಸಲ ಮೂಸಿದರು. ಬಾಯಿಗಿಟ್ಟರು. ಕಣ್ಣು ಅರ್ಧ ಮುಚ್ಚಿತು. ಒಂದು ಮುಗಿಯಿತು, ಇನ್ನೊಂದು ಕಿತ್ತರು. ಅದೂ ಮುಗಿಯಿತು. ಮೂರನೆಯದನ್ನು ಕೈಯಲ್ಲಿ ಹಿಡಿದುಕೊಂಡು ಮಗನಿಗೆ ಹೇಳಿದರು: "ನೋಡ್ಲಾ, ಪೌಡ್ರು ಹಾಕಿದ್ದು ಮೇಲೆ ಹಳ್ದಿ, ಒಳಗೆ ಕಾಯಿ. ಇದು ಮೇಲೆ ಹಸ್ರು, ಒಳಗೆ ಹಣ್ಣು. ಪೌಡ್ರು ಹಾಕ್ದೆ ಇರೋದು ಅಂದ್ರೆ ಇದು! ಬೀಗ್ರು ಕೆಮಿಸ್ಟ್ರಿ ಓದಿರೋದು ಸುಮ್ನೆ ಅಲ್ಲ ಕಣೋ. ಇಂಥ ಹಣ್ಣು ನಾನು ಹುಟ್ಟಿದ ಮೇಲೆ ತಿಂದಿಲ್ಲ. ಅದೇನೋ ಒಂದು ಘಮ ಅದೆ."

ಅದಲ್ಲ ಬೀಗ್ರೇ, ಇದು ಹೀಗಾಯ್ತು ಎಂದು ಹೇಳಬೇಕಾದ್ದು ನನ್ನ ಧರ್ಮ. ಬಾಯಿ ತೆರೆದೆ ಕೂಡ. ಅಷ್ಟರಲ್ಲಿ ಚೈತ್ರ ಬಾಗಿಲಲ್ಲಿ ನಿಂತು ನಗುತ್ತಿದ್ದಳು. ಮದುವೆಯ ದಿನವೂ ಅವಳು ಹಾಗೆ ನಕ್ಕಿರಲಿಲ್ಲ. ತೆರೆದ ಬಾಯಿಯನ್ನು, "ಇನ್ನೊಂದು ತಗೊಳ್ಳಿ" ಎಂದು ಮುಚ್ಚಿದೆ. ಸಂಜೆ ಹೊರಡುವಾಗ ಜಯಮ್ಮನವರು ಉಳಿದ ಅಷ್ಟೂ ಚಿಪ್ಪನ್ನು ತಾವೇ ಕೇಳಿ ಚೀಲಕ್ಕೆ ಹಾಕಿಸಿಕೊಂಡರು.

ಕಾರು ತಿರುವು ದಾಟಿದ ಮೇಲೆ ಅತ್ತೆಯವರು ಎಲೆಗೆ ಸುಣ್ಣ ಸವರುತ್ತಾ, "ಅವ್ಳೂ ಹೊಗೆಸೊಪ್ಪು ಆಕ್ತಾಳೆ ಕಣವ್ವ" ಎಂದರು.

"ಸುಮ್ಮನಿರಿ ಅತ್ತೆ, ಅವರಿಗೆ ವಾಸನೆಯೇ ಆಗಲ್ಲ."

"ಮಗನ್ ಮುಂದೆ ಆಗಾಕಿಲ್ಲ. ನನ್ ಕಣ್ಣು ಮಂಜು, ಆದ್ರೂ ನೋಡ್ದೆ. ಹಣ್ಣ ದವಡೇಲಿ ಇಟ್ಕಂಡು ಸ್ವಲ್ಪ ಸ್ವಲ್ಪ ರಸ ನುಂಗ್ತಿದ್ಲು. ಬಾಳೆಹಣ್ಣ ಯಾರಾದ್ರೂ ದವಡೇಲಿ ಇಟ್ಕಂಡಾರಾ?"

ಅಂದಿನಿಂದ ಜಯಮ್ಮನವರ ಬಗ್ಗೆ ನನಗೆ ಒಂದು ಬಗೆಯ ಅಕ್ಕರೆಯೇ ಬಂದಿದೆ. ಮಗನಿಗೆ ಹೆದರಿ ಬಯಕೆ ಬಚ್ಚಿಟ್ಟುಕೊಂಡ ಹೆಂಗಸು ಅವರು, ಅತ್ತೆಗೆ ಹೆದರಿ ಅಜ್ಞಾನ ಬಚ್ಚಿಟ್ಟುಕೊಂಡವಳು ನಾನು. ಆಮೇಲೆ ಪುಸ್ತಕ ತೆಗೆದು ಓದಿದೆ. ನನ್ನ ಎಥಿಲೀನ್ ತಪ್ಪು ಮಾಡಿರಲಿಲ್ಲ, ತನ್ನ ಕೆಲಸ ತಾನು ಮಾಡಿತ್ತು. ಆದರೆ ಕಾವು ಒಂದು ಮಿತಿ ದಾಟಿದರೆ ಬಾಳೆಯ ಸಿಪ್ಪೆಯಲ್ಲಿರುವ ಹಸಿರು ಕರಗುವುದಿಲ್ಲವಂತೆ. ಒಳಗೆ ಹಣ್ಣಾಗುತ್ತದೆ, ಹೊರಗೆ ಹಸಿರು ಹಾಗೇ ಉಳಿಯುತ್ತದೆ. ಹೊಗೆಸೊಪ್ಪಿಗೆ ಆ ಕಾವು ಲೆಕ್ಕಕ್ಕಿಲ್ಲ. ಹಣ್ಣು ಮಾಡುವ ದೊಡ್ಡ ದೊಡ್ಡ ಕೋಣೆಗಳನ್ನು ತಣ್ಣಗೆ ಇಡುವುದೇ ಅದಕ್ಕೆ. ನಮ್ಮ ಅತ್ತೆಯವರ ಗುಡಾಣವೂ ಕೊಟ್ಟಿಗೆಯ ತಂಪು ಮೂಲೆಯಲ್ಲೇ ಇದೆ, ಬಿಸಿಲಿನಲ್ಲಿಲ್ಲ. ಅದನ್ನು ನಾನು ಅಷ್ಟು ವರ್ಷ ದಿನಾ ನೋಡಿದ್ದೆ.

ಈ ವರ್ಷ ಅತ್ತೆಯವರ ಕಣ್ಣು ನಿಚ್ಚಳವಾಗಿದೆ. ಗೌರಿ ಹಬ್ಬಕ್ಕೆ ಚೈತ್ರಳ ಮನೆಗೆ ಬಾಗಿನದ ಜೊತೆ ಗೊನೆ ಕಳಿಸಬೇಕಾಗಿತ್ತು, ಜಯಮ್ಮನವರು ಒಂದು ತಿಂಗಳು ಮೊದಲೇ ಹೇಳಿ ಕಳಿಸಿದ್ದರು. ನಾನು ಸೊಕ್ಕು ಬಿಟ್ಟು, ಅತ್ತೆಯವರ ಕಾಲ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು, ಕುಡಿಕೆ ಊದಿ, ಕೆಮ್ಮಿ, ಮಣ್ಣು ಮೆತ್ತಿ ಕಲಿತೆ. ಮೂರನೇ ದಿನ ಮುಚ್ಚಳ ತೆಗೆದರೆ ಒಂದೊಂದು ಹಣ್ಣೂ ಚಿನ್ನ. ಒಂದು ಕಲೆಯಿಲ್ಲ, ಒಂದು ಗಟ್ಟಿಯಿಲ್ಲ. "ಈಗ ಬಂತು ನೋಡು ಕೆಮಿಷ್ಟ್ರಿ" ಎಂದು ಅತ್ತೆಯವರು ಬಾಯಿ ತುಂಬಾ ಹೇಳಿದರು. ನನಗೆ ಅಂಗಳದಲ್ಲಿ ಕುಣಿಯಬೇಕು ಅನ್ನಿಸಿತು. ಫೋಟೊ ತೆಗೆದು ಚೈತ್ರಳಿಗೆ ಕಳಿಸಿದೆ. ಒಂದೇ ನಿಮಿಷದಲ್ಲಿ ಫೋನ್ ಬಂತು.

"ಅಮ್ಮ! ಇದೇನಿದು, ಹಳದಿ?"

"ಹೌದು ಕಣೇ, ನಾನೇ ಹಣ್ಣಿಗೆ ಹಾಕಿದ್ದು!"

"ಇದನ್ನ ಮಾತ್ರ ಕಳಿಸ್ಬೇಡ, ದಮ್ಮಯ್ಯ. ನಮ್ಮತ್ತೆ ಬೀದಿಗೆಲ್ಲ ಹೇಳಿಟ್ಟಿದಾರೆ, ನಿಜವಾದ ಹಣ್ಣು ಹಸಿರಾಗೇ ಇರೋದು, ನಮ್ಮ ಕೆಮಿಸ್ಟ್ರಿ ಬೀಗಿತ್ತಿ ತೋರಿಸಿಕೊಟ್ರು ಅಂತ. ಹಳದಿ ನೋಡಿದ್ರೆ ಪೌಡರ್ ಅಂತಾರಮ್ಮ. ಮತ್ತೆ ಮೊದಲಿಂದ ಶುರುವಾಗುತ್ತೆ."

ಚಿನ್ನದಂಥ ಆ ಗೊನೆಯನ್ನು ನಾವು ಮನೆಯವರೇ ಬಾಗಿಲು ಹಾಕಿಕೊಂಡು ತಿಂದು ಮುಗಿಸಿದೆವು. ಆಮೇಲೆ ನಾನು ಹಿತ್ತಿಲಲ್ಲಿ ಇನ್ನೊಂದು ಗೊನೆ ಇಳಿಸಿ, ಸೊಂಟದ ಮೇಲಿಟ್ಟುಕೊಂಡು, ಬ್ಯಾರನ್ ಹತ್ತಿರ ಹೋದೆ. ಯಜಮಾನರು ಬಾಗಿಲು ತೆಗೆದು, ಹೋದ ವರ್ಷದ ಜಾಗದಲ್ಲೇ ಕಟ್ಟಿದರು. ಕಾವು ಎಷ್ಟಿರಲಿ ಎಂದು ಮಾತ್ರ ಕೇಳಿದರು. ಇಪ್ಪತ್ತೇಳನೇ ವರ್ಷದ ಹೈಡ್ರೋಕಾರ್ಬನ್ ಪಾಠವನ್ನು ಅದೇ ವಾರ ಮುಗಿಸಿದ್ದ ನಾನು ಕಿಂಡಿಯ ಗಾಜನ್ನು ಸೆರಗಿನಿಂದ ಒರೆಸುತ್ತಾ, "ಜಾಸ್ತಿನೇ ಇರಲಿ ರೀ, ಎಲ್ಲಾದರೂ ಹಳದಿ ತಿರುಗಿಬಿಟ್ಟೀತು" ಎಂದೆ.